ಫಿಟ್ಟರ್ ಚಾಚಾ ಕೇಳಿದ ಬ್ರೇಕು

ಹತ್ತಿಯ ಸುಗ್ಗಿ ನಡೆಯುವ ನಾಲ್ಕು ತಿಂಗಳು ಫಿಟ್ಟರ್ ಚಾಚಾನ ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು ಎಲ್ಲ ಬೆಳ್ಳಗಿರುತ್ತಿದ್ದವು. ಹತ್ತಿಯ ಧೂಳು ಅಂಥದು, ಕೂತಲ್ಲಿಂದ ಏಳುವುದಿಲ್ಲ. ಸುಗ್ಗಿ ಮುಗಿದು ಕಾರ್ಖಾನೆ ಬಂದಾದ ಮಾರನೆಯ ದಿನ ಅವರು ತಲೆತುಂಬ ಬಿಸಿನೀರು ಹೊಯ್ದುಕೊಂಡು ಬಂದರೆ ಹುಬ್ಬು ಮತ್ತೆ ಕಪ್ಪಗೆ ಕಾಣಿಸುತ್ತಿದ್ದವು. "ಯಾರ್ರೀ ಇವರು, ಹೊಸಾ ಫಿಟ್ಟರು ಬಂದಾರೇನು?" ಅಂತ ಹೆಣ್ಣಾಳುಗಳು ಚ್ಯಾಷ್ಟಿ ಮಾಡುತ್ತಿದ್ದರು. ಅವರು ನಗುತ್ತಿರಲಿಲ್ಲ. ನಿಂತ ಯಂತ್ರಗಳ ಸಾಲನ್ನು ಒಮ್ಮೆ ನೋಡಿ, "ಈ ವರ್ಷ ಎಲ್ಲಾರೂ ಹತ್ತತ್ತು ಬೆರಳು ತಗೊಂಡು ಮನೀಗೆ ಹೊಂಟೀರಿಲ್ಲ? ಅಷ್ಟ ಸಾಕು ಬಿಡ್ರಿ" ಅನ್ನುತ್ತಿದ್ದರು.

ಶಿಗ್ಗಾಂವಿಯ ಹೊರಗೆ, ಹೈವೇ ಬದಿಗಿದ್ದ ಒಂದು ಸಹಕಾರಿ ಸಂಘದ ಜಿನ್ನಿನಲ್ಲಿ ಅವರು ಫಿಟ್ಟರ್ ಆಗಿದ್ದರು. ಜಿನ್ನು ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರ್ಖಾನೆ. ಅವರ ಊರು ಸವಣೂರು. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ, ಬಾಯಲ್ಲಿ ಎಲೆ, ಸೊಂಟದ ಬೆಲ್ಟಿನಲ್ಲಿ ಎಲೆತೋಟದವರು ಬಳ್ಳಿ ಕೊಯ್ಯುವ ಒಂದು ಚೂರಿ. ಆ ಚೂರಿ ಯಾಕೆ ಅಂತ ನಾನು ಹೊಸದಾಗಿ ಸೇರಿದಾಗ ಕೇಳಿದ್ದೆ. "ಸೀರಿ ಕೊಯ್ಯಾಕ, ಬೇಟಿ" ಅಂದರು. ಇದೂ ಚ್ಯಾಷ್ಟಿ ಅಂದುಕೊಂಡು ನಕ್ಕೆ. ಆಮೇಲೆ ಗೊತ್ತಾಯಿತು, ಆ ಮನುಷ್ಯನಿಗೆ ಚ್ಯಾಷ್ಟಿ ಬರುತ್ತಿರಲಿಲ್ಲ.

ನಮ್ಮ ಜಿನ್ನಿನ ಇಪ್ಪತ್ತನಾಲ್ಕು ಯಂತ್ರಗಳನ್ನೂ ಒಂದೇ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ತಿರುಗಿಸುತ್ತಿತ್ತು. ಶಾಫ್ಟಿನಿಂದ ಒಂದೊಂದು ಯಂತ್ರದ ಬದಿಗೂ ಒಂದೊಂದು ಚರ್ಮದ ಪಟ್ಟಾ ಬಂದಿರುತ್ತಿತ್ತು. ಮೋಟಾರು ಇದ್ದದ್ದು ಗೋಡೆಯಾಚೆಯ ಎಂಜಿನ್ ಖೋಲಿಯಲ್ಲಿ. ಒಬ್ಬಾಕೆಯ ಸೆರಗು ಪಟ್ಟಾಕ್ಕೆ ಸಿಕ್ಕಿತು ಅನ್ನಿ. ಆಕೆ ಕೂಗಬೇಕು, ಆ ಗದ್ದಲದಲ್ಲಿ ಅದು ಯಾರಿಗಾದರೂ ಕೇಳಬೇಕು, ಅವರು ಓಡಿಹೋಗಿ ಸ್ಟಾರ್ಟರ್ ಇಳಿಸಿ ಮೋಟಾರು ಬಂದ್ ಮಾಡಬೇಕು. ಇಳಿಸಿದರೂ ಶಾಫ್ಟು ತಕ್ಷಣ ನಿಲ್ಲುತ್ತಿರಲಿಲ್ಲ. ಚಾಚಾ ಎಣಿಸಿ ನೋಡಿದ್ದರು. ಒಂದರಿಂದ ಹದಿನೆಂಟು ಎಣಿಸುವಷ್ಟು ಹೊತ್ತು ಅದು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. "ಹದಿನೆಂಟು ಅನ್ನೂದ್ರಾಗ ಕೈ ಭುಜದ ತನಕ ಹೋಗಿರತೈತಿ" ಅನ್ನುತ್ತಿದ್ದರು. ಅದಕ್ಕೇ ಸುಗ್ಗಿಯಲ್ಲಿ ಅವರು ಚೂರಿ ಇಟ್ಟುಕೊಂಡು ಯಂತ್ರಗಳ ನಡುವೆ ತಿರುಗುತ್ತಿದ್ದದ್ದು. ಸೆರಗು ಸಿಕ್ಕಿದರೆ ಓಡಿ ಹೋಗಿ ಕೊಯ್ದುಬಿಡಬೇಕು, ಅಷ್ಟೇ ಉಪಾಯ.

ಅವರು ಸಂಘದಿಂದ ಕೇಳಿದ್ದು ಎರಡೇ ವಸ್ತು. ಯಂತ್ರದ ಸಾಲಿನುದ್ದಕ್ಕೂ ಒಂದು ಹಗ್ಗ, ಯಾವ ಹೆಂಗಸು ಎಲ್ಲಿಂದ ಎಳೆದರೂ ಕರೆಂಟು ಹೋಗಬೇಕು. ಶಾಫ್ಟಿಗೆ ಒಂದು ಬ್ರೇಕು, ಕರೆಂಟು ಹೋದಕೂಡಲೇ ಅದು ಶಾಫ್ಟನ್ನು ಹಿಡಿದು ನಿಲ್ಲಿಸಬೇಕು. ಹಗ್ಗವನ್ನು ಅವರೇ ಕಟ್ಟಬಲ್ಲರು, ಆದರೆ ಬ್ರೇಕಿಲ್ಲದೆ ಬರೀ ಹಗ್ಗ ಎಳೆದರೆ ಶಾಫ್ಟು ಹದಿನೆಂಟರ ತನಕ ತಿರುಗುತ್ತಲೇ ಇರುತ್ತದೆ. ಬ್ರೇಕನ್ನು ಮಾತ್ರ ಹೊರಗಿನಿಂದ ತರಿಸಬೇಕು, ಶಾಫ್ಟು ಬಿಚ್ಚಿ ಕೂಡಿಸಬೇಕು, ಅದಕ್ಕೆ ಸಂಘದ ಆಡಳಿತ ಮಂಡಳಿ ಕೂತು ಠರಾವು ಪಾಸು ಮಾಡಬೇಕು. ಆ ಒಂದು ಠರಾವಿಗಾಗಿ ಏಳು ವರ್ಷ ಅವರು ಪಾಡು ಪಟ್ಟರು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಾನು ಆ ಸಂಘದ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ನನ್ನ ಅವ್ವ ಅದೇ ಜಿನ್ನಿನಲ್ಲಿ ಮೂರನೆಯ ನಂಬರಿನ ಯಂತ್ರಕ್ಕೆ ಹತ್ತಿ ಹಾಕುತ್ತಿದ್ದಳು. ಅಪ್ಪ ತೀರಿಕೊಂಡಿದ್ದ. ಜಿನ್ನಿನ ಆಳಿನ ಮಗಳನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಲು ಸೆಕ್ರೆಟರಿಯವರಿಗೆ ಮನಸ್ಸಿರಲಿಲ್ಲ. ಚಾಚಾ ಸೆಕ್ರೆಟರಿಯ ಮೇಜಿನ ಮುಂದೆ ನಿಂತು, "ಮೂಲ್ಯಾಗ ಬಿದ್ದ ಕನ್ನಡ ಟೈಪ್‌ರೈಟರ್ ನಾ ರಿಪೇರಿ ಮಾಡಿ ಕೊಡ್ತೇನಿ. ಅದನ್ನ ಹೊಡಿಯಾಕ ಬರೋರು ಈ ಊರಾಗ ಬ್ಯಾರೆ ಯಾರರ ಅದಾರೇನು, ಹೇಳ್ರಿ" ಅಂದರಂತೆ. ಬೇರೆ ಯಾರೂ ಇರಲಿಲ್ಲ. ಹಾಗೆ ನನಗೆ ಅನ್ನದ ದಾರಿ ಆಯಿತು.

ಅವರ ಮೊದಲ ಅರ್ಜಿಯನ್ನು ಕೆಡಿಸಿದವಳೂ ನಾನೇ. ಅವರು ಸವಣೂರಿನ ಉರ್ದು ಶಾಲೆಯಲ್ಲಿ ಕಲಿತವರು. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಓದಲು ಬರೆಯಲು ಬರುತ್ತಿರಲಿಲ್ಲ. ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಬರಿ ಬೇಟಿ. ಹೆಣ್ಣುಮಕ್ಕಳ ಕೈ ಹೋಗಾಕತ್ತಾವ. ಬ್ರೇಕ್ ಕೊಡಸ್ರಿ. ನಾ ಎಷ್ಟಂತ ಸೀರಿ ಕೊಯ್ಯಲಿ?" ಅಂದರು.

"ಚಾಚಾ, ಹಿಂಗ ಬರದ್ರ ಮೆಂಬರು ನಗ್ತಾರ್ರಿ. ಆಫೀಸಿನ ಭಾಷಾನ ಬ್ಯಾರೆ" ಅಂದೆ ನಾನು, ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಮಹಾ ಪಂಡಿತೆ.

ಟೈಪು ಮಾಡಿದೆ. "ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಯಂತ್ರಗಳ ಚಾಲನೆಯ ಸಂದರ್ಭದಲ್ಲಿ ಕಾರ್ಮಿಕರ ಸುರಕ್ಷತೆಯ ದೃಷ್ಟಿಯಿಂದ ಸೂಕ್ತ ಕ್ರಮ ಕೈಗೊಳ್ಳುವುದು ಅಪೇಕ್ಷಣೀಯವಾಗಿದ್ದು..." ಹೀಗೆ ಒಂದು ಪುಟ. ಓದಿ ಹೇಳಿದೆ. ಅವರು ಬಾಯಿ ತೆರೆದುಕೊಂಡು ಕೇಳಿದರು. "ಭಾರಿ ಬರದಿ. ಆದ್ರ ಬೇಟಿ, ಇದ್ರಾಗ ಕೈ ಎಲ್ಲೈತಿ?" ಅಂದರು. ನಾನು ನಕ್ಕುಬಿಟ್ಟೆ. ಅವರು ಉರ್ದುವಿನಲ್ಲಿ ಸಹಿ ಹಾಕಿದರು.

ಮಂಡಳಿ ಅದನ್ನು ಓದಿಸಿಕೊಂಡು ಸೂಕ್ತ ಕ್ರಮ ಕೈಗೊಂಡಿತು. "ಎಚ್ಚರಿಕೆ, ಯಂತ್ರದಿಂದ ದೂರವಿರಿ" ಎಂದು ಕೆಂಪು ಅಕ್ಷರದ ಒಂದು ಫಲಕ ಬರೆಸಿ ಗೋಡೆಗೆ ಹೊಡೆಸಿತು. ಅದನ್ನು ಓದಬಲ್ಲ ಹೆಂಗಸು ಆ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಓದಿದ್ದರೂ ಯಂತ್ರದಿಂದ ದೂರ ನಿಂತು ಅದಕ್ಕೆ ಹತ್ತಿ ಹಾಕುವುದು ಹೇಗೆ ಅಂತ ಆ ಪುಣ್ಯಾತ್ಮರು ಹೇಳಲಿಲ್ಲ. ಆ ಸುಗ್ಗಿಯಲ್ಲೇ ಅದೇ ಫಲಕದ ಕೆಳಗೆ ಒಬ್ಬಾಕೆಯ ಮೂರು ಬೆರಳು ಹೋದವು. ಚಾಚಾ ಆಕೆಯನ್ನು ಆಸ್ಪತ್ರೆಗೆ ಬಿಟ್ಟು ಬಂದು, ರಕ್ತ ಹತ್ತಿದ ಅಂಗಿಯಲ್ಲೇ ಆಫೀಸಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಸಂಘದ ಚೇರಮನ್ನರ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನೀವು ಅವರನ್ನು ಕೆಟ್ಟವರು ಅಂದುಕೊಳ್ಳುತ್ತೀರಿ. ಅವರು ಹಂಸಭಾವಿಯ ಕಡೆಯವರು, ದೊಡ್ಡ ಹತ್ತಿ ಬೆಳೆಗಾರರು, ಮೆತ್ತಗಿನ ಮನುಷ್ಯ. ಆಳಿನ ಮೇಲೆ ಒಂದು ದಿನ ದನಿ ಏರಿಸಿದ್ದು ನಾನು ಕೇಳಿಲ್ಲ. ಅವರ ದೋಷ ಒಂದೇ, ಯಾವ ವಿಷಯ ಬಂದರೂ ಸುತ್ತ ನೋಡಿ "ಎಲ್ಲಾರೂ ಏನಂತೀರಿ?" ಅನ್ನುತ್ತಿದ್ದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಮಿರ್ಚಿ ಮಂಡಕ್ಕಿ ಬರುತ್ತಿತ್ತು. ಚಾಚಾನ ವಿಷಯ ಯಾವಾಗಲೂ ಕೊನೆಯದು, ಅದರ ಪಾಲಿಗೆ ಯಾವಾಗಲೂ ಮಂಡಕ್ಕಿಯ ಹೊತ್ತು.

ಕಾಗದ ಕೆಲಸಕ್ಕೆ ಬರುವುದಿಲ್ಲ ಅಂತ ಚಾಚಾ ಮರುವರ್ಷ ಒಂದು ಮಾದರಿ ಮಾಡಿದರು. ಹಲಗೆಯ ಮೇಲೆ ಸೈಕಲ್ಲಿನ ಗಾಲಿ, ಸಣ್ಣ ಮೋಟಾರು, ಬದಿಗೆ ಹಗ್ಗ, ಹಗ್ಗಕ್ಕೆ ಕೂಡಿಸಿದ ಸೈಕಲ್ ಬ್ರೇಕು. ಗಾಲಿ ಗಿರ್ ಅಂತ ತಿರುಗುತ್ತಿರುವಾಗ ಹಗ್ಗ ಎಳೆದರೆ ಟಕ್ಕನೆ ನಿಲ್ಲುತ್ತಿತ್ತು. ಮೀಟಿಂಗಿನ ಮೇಜಿನ ಮೇಲೆ ಇಟ್ಟರು. ಅಯ್ಯ ಶಿವನೇ, ಏನು ಹೇಳಲಿ ಆ ಸಂಭ್ರಮ! ಹಾನಗಲ್ಲಿನ ಮೆಂಬರು ಎದ್ದು ಬಂದು ಎಳೆದರು. ಇನ್ನೊಬ್ಬರು ಎಳೆದರು. "ನಂದೊಂದು ಸಲ, ನಂದೊಂದು ಸಲ" ಅಂತ ದೊಡ್ಡ ದೊಡ್ಡ ರುಮಾಲಿನವರು ಸಾಲು ನಿಂತರು. ಚೇರಮನ್ನರು ಮೂರು ಸಲ ಎಳೆದು, "ಎಂಥಾ ತಲಿ ಐತ್ರಿ ನಮ್ಮ ಫಿಟ್ಟರ್‌ದು!" ಅಂದರು. ಚಾಚಾನ ಮುಖ ಬೆಳಗಿತು. ಇವತ್ತು ಆಯಿತು ಅಂದುಕೊಂಡೆ ನಾನೂ, ಪೆನ್ನಿನ ಟೊಪ್ಪಿಗೆ ತೆಗೆದು ಕೂತೆ.

ಠರಾವು ಆಯಿತು. ಸಂಘದ ಹೆಮ್ಮೆಯ ಫಿಟ್ಟರ್ ಅವರನ್ನು ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು ಸನ್ಮಾನಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಮಾದರಿಯನ್ನು ಮೀಟಿಂಗ್ ಹಾಲಿನ ಗಾಜಿನ ಕಪಾಟಿನಲ್ಲಿ ಇಡಲಾಯಿತು.

ಸನ್ಮಾನದ ದಿನ ಚಾಚಾ ಹಾರ ಹಾಕಿಸಿಕೊಂಡು ಗೊಂಬೆಯ ಹಾಗೆ ನಿಂತಿದ್ದರು. ಎರಡು ಮಾತು ಹೇಳಿರಿ ಅಂದರು. "ಬ್ರೇಕು ಯಾವಾಗ ಬರತೈತ್ರಿ?" ಅಂದರು ಚಾಚಾ. ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ಹೊಡೆಯಿತು.

ಆಮೇಲೆ ಯಾರೋ ಅವರಿಗೆ, ಮೀಟಿಂಗಿನಲ್ಲಿ ಕೆಲಸ ಆಗುವುದಿಲ್ಲ, ಒಬ್ಬೊಬ್ಬರನ್ನೇ ಮನೆಗೆ ಹೋಗಿ ಕಾಣಬೇಕು ಅಂದರು. ಎರಡು ವರ್ಷ ಅದೇ ಆಯಿತು ಅವರ ಉದ್ಯೋಗ. ರವಿವಾರ ಬಂತು ಅಂದರೆ ಎಲೆಯ ಕಟ್ಟು, ಸವಣೂರಿನ ಕುರುಕಲು ಖಾರದ ಪೊಟ್ಟಣ ಹಿಡಿದು ಬಸ್ಸು ಹತ್ತುತ್ತಿದ್ದರು. ಒಂದು ವಾರ ಹಾನಗಲ್ಲು, ಒಂದು ವಾರ ಹಿರೇಕೆರೂರು. ಎಲ್ಲ ಕಡೆ ಚಹಾ ಕೊಟ್ಟರು. ಹಾನಗಲ್ಲಿನ ಮೆಂಬರು, "ನಂದೇನ ಅಡ್ಡಿಲ್ಲೋ ಮಾರಾಯಾ, ಚೇರಮನ್ನರು ಹೂಂ ಅಂದ್ರ ನಂದೂ ಹೂಂ" ಅಂದರು. ಚೇರಮನ್ನರ ಮನೆಗೆ ಹೋದಾಗ ಬರೆದುಕೊಳ್ಳಲಿಕ್ಕೆ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವರು ನಮ್ಮನ್ನು ಒಳಗೆ ಕೂರಿಸಿ, ತಾವೇ ನೀರು ತಂದುಕೊಟ್ಟರು.

"ನೋಡ್ರಿ ಫಿಟ್ಟರ್, ನಾ ಎಂದರ ಒಲ್ಲೆ ಅಂದೇನೇನು?"

"ಇಲ್ರಿ."

"ಮೆಂಬರೆಲ್ಲಾ ಒಪ್ಪಲಿ. ನಾ ಅಡ್ಡ ಬರಂಗಿಲ್ಲ."

"ಅವರೆಲ್ಲಾರೂ ನಿಮ್ಮ ಮ್ಯಾಲೆ ಹಾಕ್ತಾರ್ರಿ."

"ಹಂಗಾರ ಮುಂದಿನ ಮೀಟಿಂಗಿನ್ಯಾಗ ಇಡ್ರಿ. ಎಲ್ಲಾರೂ ಏನಂತಾರ ನೋಡೋಣಂತ."

ವಾಪಸು ಬರುವ ಬಸ್ಸಿನಲ್ಲಿ ಚಾಚಾ ಕಿಟಕಿಯ ಪಕ್ಕ ಕೂತಿದ್ದರು. ಹತ್ತಿ ಹೊಲ ಎರಡೂ ಕಡೆ ಹೂ ಬಿಟ್ಟು ನಿಂತಿದ್ದವು. "ಬೇಟಿ, ಒಬ್ಬರೂ ಬ್ಯಾಡ ಅನ್ನವಲ್ರು" ಅಂದರು. "ಬ್ಯಾಡ ಅಂದಿದ್ರ ಜಗಳಾನರ ಆಡ್ತಿದ್ದೆ." ಅವರು ಅಷ್ಟು ಸೋತದ್ದನ್ನು ನಾನು ಅದೇ ಮೊದಲು ಕಂಡದ್ದು.

ಅದೇ ಸುಗ್ಗಿಯಲ್ಲಿ ನನ್ನ ಅವ್ವನ ಸೆರಗು ಪಟ್ಟಾಕ್ಕೆ ಸಿಕ್ಕಿತು.

ನಾನು ಆಫೀಸಿನಲ್ಲಿದ್ದೆ. ಗದ್ದಲ ಕೇಳಿ ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಅವ್ವ ಕಂಬ ಹಿಡಿದುಕೊಂಡು ನಿಂತಿದ್ದಳು. ಮೈಮೇಲೆ ಅರ್ಧ ಸೀರೆ ಇತ್ತು, ಉಳಿದರ್ಧ ಪಟ್ಟಾದ ಜೊತೆ ತಿರುಗುತ್ತಿತ್ತು. ಚಾಚಾ ನೆಲದ ಮೇಲೆ ಕೂತಿದ್ದರು, ಚೂರಿ ಇನ್ನೂ ಕೈಯಲ್ಲೇ ಇತ್ತು. ಯಾರೋ ತಮ್ಮ ಟವೆಲ್ ಕೊಟ್ಟರು, ಅವ್ವ ಹೊದ್ದುಕೊಂಡಳು. "ಹೊಸಾ ಸೀರಿ ಆಗಿತ್ತು" ಅಂದಳು. ಅಷ್ಟೇ ಅಂದದ್ದು. ಮರುದಿನ ಹಳೆಯ ಸೀರೆ ಉಟ್ಟು ಅದೇ ಮೂರನೆಯ ಯಂತ್ರದ ಮುಂದೆ ಹೋಗಿ ನಿಂತಳು. ಹೋಗಬೇಡ ಅಂತ ನಾನು ಜಗಳ ಮಾಡಿದ್ದಕ್ಕೆ, "ನೀ ಒಬ್ಬಾಕಿ ಗಳಿಸಿದ್ದು ನಾಕು ಬಾಯಿಗೆ ಸಾಲತೈತೇನು?" ಅಂದಳು. ನನಗೆ ಇಬ್ಬರು ತಂಗಿಯರಿದ್ದರು.

ಅಂದಿನಿಂದ ನನಗೆ ನಿದ್ದೆ ಸರಿ ಬರಲಿಲ್ಲ. ಜಿನ್ನಿನ ಸದ್ದು ಒಂದು ಕ್ಷಣ ಏರುಪೇರಾದರೂ ಟೈಪು ಮಾಡುವ ಬೆರಳು ನಿಂತುಬಿಡುತ್ತಿದ್ದವು. ಮತ್ತೆ ಅರ್ಜಿ ಬರೆದೆ. ಈ ಸಲ ಅವಗಾಹನೆ ಗಿವಗಾಹನೆ ಇಲ್ಲದೆ, ಅವರು ಹೇಳಿದ ಹಾಗೇ. ಮೀಟಿಂಗಿನಲ್ಲಿ ನಾನೇ ಎದ್ದುನಿಂತು ಓದಿದೆ. ಓದುತ್ತ ಅತ್ತೆ. ಮೆಂಬರುಗಳು ತಲೆ ತಗ್ಗಿಸಿದರು. ಚೇರಮನ್ನರ ಕಣ್ಣೂ ಒದ್ದೆಯಾದವು. ಅವರು ಸುತ್ತ ನೋಡಿ, "ಎಲ್ಲಾರೂ ಏನಂತೀರಿ?" ಅಂದರು. ಹಾನಗಲ್ಲಿನ ಮೆಂಬರು ಗಂಟಲು ಸರಿಮಾಡಿಕೊಂಡು, ಈಗ ಸುಗ್ಗಿಯ ನಡುವೆ ಶಾಫ್ಟು ಬಿಚ್ಚಿದರೆ ರೈತರ ಹತ್ತಿ ಬಯಲಲ್ಲಿ ಬೀಳುತ್ತದೆ, ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಬೇಸಿಗೆಯಲ್ಲಿ ಮೀಟಿಂಗಿಗೆ ಕೋರಂ ಆಗಲಿಲ್ಲ. ಮಳೆಗಾಲದಲ್ಲಿ ಸಂಘದ ಚುನಾವಣೆ ಬಂತು. ಸುಗ್ಗಿ ಬಾಗಿಲಿಗೆ ಬಂದಾಗ ವಿಷಯ ಮತ್ತೆ ಮುಂದೆ ಹೋಯಿತು. ಹೀಗೇ ಇನ್ನೂ ಎರಡು ವರ್ಷ ಕಳೆದವು. "ಮುಂದೂಡಲಾಯಿತು" ಅಂತ ಠರಾವು ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದೆ. ಅವ್ವನ ಕೈಯನ್ನು ನಾನೇ ಬರೆದುಕೊಟ್ಟಂತೆ ಆಯಿತು.

ಸುಗ್ಗಿ ಶುರುವಾಗುವ ದಿನ ಜಿನ್ನಿನಲ್ಲಿ ಪೂಜೆ. ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚೇರಮನ್ನರಿಗೆ ಹಾರ ಹಾಕಿ ಶಾಲು ಹೊದಿಸುತ್ತಾರೆ. ಯಂತ್ರ ಶುರುವಾದ ಮೇಲೆ ಒಂದನೆಯ ನಂಬರಿಗೆ ಮೊದಲ ಹಿಡಿ ಹತ್ತಿಯನ್ನು ಅವರೇ ಹಾಕಬೇಕು. ಪ್ರತಿ ವರ್ಷ ಅದಕ್ಕೂ ಮೊದಲು ಚಾಚಾ ಮುಂದೆ ಬಂದು, "ಹಾರ ಶಾಲು ಇತ್ತಾಗ ಕೊಡ್ರಿ ಸಾಹೇಬ್ರ. ಮಷೀನಿಗೆ ಚೇರಮನ್ನರು ಯಾರು, ಆಳು ಯಾರು ಗೊತ್ತಾಗಂಗಿಲ್ಲ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಚಾಚಾ ಎರಡನ್ನೂ ತೆಗೆದು ಪಕ್ಕದವರ ಕೈಗೆ ಕೊಟ್ಟು, ಎಂಜಿನ್ ಖೋಲಿಗೆ ಹೋಗಿ ಸ್ಟಾರ್ಟರ್ ಏರಿಸುತ್ತಿದ್ದರು.

ಆ ಏಳನೆಯ ವರ್ಷ ನಾನು ಕುಂಕುಮದ ತಾಟು ಹಿಡಿದು ಚೇರಮನ್ನರ ಹತ್ತಿರವೇ ನಿಂತಿದ್ದೆ. ಚಾಚಾ ಮುಂದೆ ಬಂದರು. ಹಾರವನ್ನಷ್ಟೇ ತೆಗೆದರು. ಶಾಲಿನ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಾಗೇ ತಿರುಗಿ ಎಂಜಿನ್ ಖೋಲಿಗೆ ನಡೆದರು.

ನನಗೆ ತಿಳಿಯಿತು. ಎಲ್ಲ ತಿಳಿಯಿತು. "ಸಾಹೇಬ್ರ, ಶಾಲು ತಗೀರಿ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನನ್ನ ಬಾಯಿ ತೆರೆಯಲಿಲ್ಲ. ಎದುರಿಗೆ, ಮೂರನೆಯ ಯಂತ್ರದ ಮುಂದೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಮುಗಿದು ನಿಂತಿದ್ದಳು.

ಯಂತ್ರ ಶುರುವಾದವು. ಚೇರಮನ್ನರು ಹತ್ತಿ ಹಿಡಿದು ಬಾಗಿದರು. ಶಾಲಿನ ಅಂಚು ಪಟ್ಟಾದ ಗಾಳಿಗೆ ಹಾರಿತು. ಅದು ಪಟ್ಟಾಕ್ಕೆ ತಾಗುವುದಕ್ಕೂ ಆಚೆ ಸ್ಟಾರ್ಟರ್ ಧಡಕ್ಕನೆ ಇಳಿಯುವುದಕ್ಕೂ ಸರಿಹೋಯಿತು. ಯಾರೂ ಇನ್ನೂ ಕೂಗಿರಲಿಲ್ಲ. ಚಾಚಾ ಖೋಲಿಯ ಬಾಗಿಲಲ್ಲೇ, ಸ್ಟಾರ್ಟರ್ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. ಆದರೆ ಶಾಫ್ಟು ನಿಲ್ಲಬೇಕಲ್ಲ! ಚೇರಮನ್ನರು ಶಾಲು ಬಿಡಿಸಿಕೊಳ್ಳಲು ಬಲಗೈ ಹಾಕಿದರು. ಅವರೊಬ್ಬರೇ ಅಲ್ಲ, ಯಾರಾದರೂ ಹಾಕುತ್ತಾರೆ. ಚಾಚಾ ಚೂರಿ ಹಿರಿದು ಓಡಿಬಂದು ಶಾಲು ಕೊಯ್ದರು. ಚೇರಮನ್ನರ ಬಲಗೈಯ ಎರಡು ಬೆರಳು ಅಷ್ಟರಲ್ಲಿ ಹೋಗಿದ್ದವು. ನನ್ನ ಕೈಯಿಂದ ತಾಟು ಬಿದ್ದು ನೆಲವೆಲ್ಲ ಕುಂಕುಮವಾಗಿತ್ತು, ಯಾವುದು ಕುಂಕುಮ, ಯಾವುದು ರಕ್ತ ಗೊತ್ತಾಗಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಜೀಪಿನಲ್ಲಿ ಒಯ್ಯುವಾಗ ದಾರಿಯುದ್ದಕ್ಕೂ ಚೇರಮನ್ನರ ತಲೆಯನ್ನು ಚಾಚಾ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ನಾಲ್ಕನೆಯ ದಿನ ಆಸ್ಪತ್ರೆಯ ಮಂಚದ ಸುತ್ತಲೇ ತುರ್ತು ಮೀಟಿಂಗು ಕೂಡಿತು. ಹಗ್ಗ ಮತ್ತು ಬ್ರೇಕು, ವಿಷಯ ನಂಬರ್ ಒಂದು. ಚೇರಮನ್ನರು "ಎಲ್ಲಾರೂ ಏನಂತೀರಿ?" ಅಂತ ಕೇಳಲಿಲ್ಲ. "ಬರೀವಾ, ಮಂಜೂರು" ಅಂತ ನನಗೆ ಹೇಳಿ ಎಡಗೈಯಿಂದ ಸೊಟ್ಟಸೊಟ್ಟಗೆ ಸಹಿ ಮಾಡಿದರು. "ಇಷ್ಟು ಸಣ್ಣ ಕೆಲಸಕ್ಕ ಇಷ್ಟ ವರ್ಷ ಯಾಕ ತಡಾ ಮಾಡಿದ್ರಿ?" ಅಂತ ಹಾನಗಲ್ಲಿನ ಮೆಂಬರು ಸೆಕ್ರೆಟರಿಯವರನ್ನು ಬೈದರು. ನನಗೆ ನಗು ಬಂತೋ ಅಳು ಬಂತೋ ನೆನಪಿಲ್ಲ. ತಿಂಗಳೊಳಗೆ ಬ್ರೇಕು ಬಂತು. ಹತ್ತು ದಿನ ಜಿನ್ನು ನಿಲ್ಲಿಸಿ ಶಾಫ್ಟು ಬಿಚ್ಚಿ ಕೂಡಿಸಿದರು. ಯಾರ ಹತ್ತಿಯೂ ಬಯಲಲ್ಲಿ ಬೀಳಲಿಲ್ಲ.

ಚಾಚಾ ಪ್ರತಿಯೊಬ್ಬ ಹೆಂಗಸಿನ ಕೈಯಿಂದಲೂ ಹಗ್ಗ ಎಳೆಸಿ ನೋಡಿದರು. ಎಣಿಸಿದರು. ಎರಡು ಅನ್ನುವಷ್ಟರಲ್ಲಿ ಶಾಫ್ಟು ನಿಂತಿತು. ಅಂದೇ ಮಧ್ಯಾಹ್ನ ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಬರಿ ಬೇಟಿ. ಚೇರಮನ್ ಸಾಹೇಬ್ರ, ಪ್ರತಿ ವರ್ಷ ನಿಮ್ಮ ಶಾಲು ನಾನ ತಗೀತಿದ್ದೆ. ಈ ವರ್ಷ ಬೇಕಂತನ ತಗೀಲಿಲ್ಲ. ಶಾಲು ಹರೀತೈತಿ, ನೀವು ಅಂಜತೀರಿ, ಅಷ್ಟ ಅಂತ ಮಾಡಿದ್ದೆ. ಕೈ ಹೋಗತೈತಿ ಅಂದ್ಕೊಂಡಿರಲಿಲ್ಲ. ಹದಿನೆಂಟು ಎಣಿಸಿದಾಂವ ನಾನು, ನನಗ ಗೊತ್ತಿರಬೇಕಾಗಿತ್ತು. ಪೊಲೀಸರಿಗೆ ಕೊಡ್ರಿ, ಇಲ್ಲಾ ಮಾಫ್ ಮಾಡ್ರಿ, ನಿಮಗ ಬಿಟ್ಟದ್ದು. ನಾ ಕೆಲಸಾ ಬಿಟ್ಟೇನಿ." ನನ್ನ ಹೆಸರನ್ನು ಅವರು ಅದರಲ್ಲಿ ತರಲಿಲ್ಲ.

ನಾನು ಟೈಪು ಮಾಡಿದೆ. "ಮಾನ್ಯರೇ, ನನ್ನ ಆರೋಗ್ಯವು ಸರಿಯಾಗಿಲ್ಲದ ಕಾರಣ, ಸಂಘದ ಸೇವೆಯಿಂದ ನನ್ನನ್ನು ಬಿಡುಗಡೆಗೊಳಿಸಬೇಕೆಂದು ಈ ಮೂಲಕ ಕೋರುತ್ತೇನೆ." ಅವರು ಹೇಳಿದಷ್ಟು ಹೊತ್ತೂ ಕೀಲಿ ಬಡಿಯುತ್ತ ಕೂತಿರಬೇಕಲ್ಲ, ಅದಕ್ಕೆ ವಿನಮ್ರ, ವಿಶ್ವಾಸಿ, ಕೃತಜ್ಞತೆ ಅಂತ ಇನ್ನೂ ನಾಲ್ಕು ಸಾಲು ಸೇರಿಸಿದೆ. ಯಾಕೆ ಮಾಡಿದೆ? ಅವರು ಜೈಲಿಗೆ ಹೋಗುತ್ತಾರೆ ಅಂತ ಅಂಜಿದೆ. ಬ್ರೇಕನ್ನು ಮತ್ತೆ ಬಿಚ್ಚಿಸಿಬಿಡುತ್ತಾರೇನೋ ಅಂತ ಅಂಜಿದೆ. ಶಾಲು ನೋಡಿಯೂ ಸುಮ್ಮನಿದ್ದವಳು ನಾನು ಅಂತ ಗೊತ್ತಾದರೆ ಅನ್ನುವ ಅಂಜಿಕೆಯೂ ಇತ್ತು, ಸುಳ್ಳು ಹೇಳಲಾರೆ.

ಕಾಗದವನ್ನು ಅವರು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. "ಬೇಟಿ, ಇದ್ರಾಗ ಕೈ ಬಂದೈತಿಲ್ಲ?"

"ಬಂದೈತ್ರಿ ಚಾಚಾ."

ಸಹಿ ಹಾಕಿ ಕೊಟ್ಟು ಹೋದರು.

ಚೇರಮನ್ನರು ಆ ಕಾಗದ ಓದಿ ಬಹಳ ನೊಂದುಕೊಂಡರು. "ನನ್ನ ಜೀವಾ ಉಳಿಸಿದ ಮನಷ್ಯಾ, ಆರೋಗ್ಯ ಸರಿ ಇಲ್ಲಂದ್ರ ನಾ ನೋಡಬಾರದೇನು?" ಅಂತ ಹಣ್ಣು ಕಟ್ಟಿಸಿಕೊಂಡು, ನನ್ನನ್ನೂ ಕರೆದುಕೊಂಡು ಸವಣೂರಿಗೆ ಹೋದರು. ಅವರು ಮನೆಯ ಬಾಗಿಲಲ್ಲಿ ನಿಂತದ್ದು ಕಂಡು ಚಾಚಾ ಎದ್ದು ಚಾಪೆ ಹಾಸಿದರು. ಚೇರಮನ್ನರು ಬಂದು ಪಕ್ಕದಲ್ಲಿ ಕೂತು, ಮೂರು ಬೆರಳಿನ ಕೈಯಿಂದ ಅವರ ಕೈ ಹಿಡಿದುಕೊಂಡರು. ಚಾಚಾ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತರು. ನಾನು ಹೊಸ್ತಿಲ ಹತ್ತಿರ ನಿಂತಿದ್ದೆ, ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಲ್ಲಿಂದ ಪ್ರತಿ ರಂಜಾನಿಗೆ ಚೇರಮನ್ನರು ಅವರ ಮನೆಗೆ ಹೋಗುತ್ತಿದ್ದರು. ಪ್ರತಿ ಸಲ ಹೀಗೆಯೇ. ಒಮ್ಮೆ ಚೇರಮನ್ನರು ಹೊರಗೆ ಜೀಪಿನತ್ತ ಹೋದಾಗ ಚಾಚಾ ನನಗೆ ಮೆಲ್ಲಗೆ, "ಅಂಥಾ ಕಾಗದಾ ಓದಿದ ಮ್ಯಾಲೂ ಮನೀಗೆ ಬಂದು ಕುಂತು ಚಹಾ ಕುಡಿತಾರ. ಒಂದ ದಿನ ಆ ಮಾತು ಎತ್ತಿಲ್ಲ. ಎಂಥಾ ದೊಡ್ಡ ಮನಸ್ಸು ನೋಡು ಬೇಟಿ" ಅಂದರು. "ಹೌದ್ರಿ ಚಾಚಾ" ಅಂದೆ. ಆ ಮಾತು ಹೇಳುವಾಗ ಅವರ ಮುಖದಲ್ಲಿ ಇದ್ದ ಸಮಾಧಾನವನ್ನು ನಾನು ಅದಕ್ಕೂ ಮೊದಲು ಏಳು ವರ್ಷದಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಾನು ಬರೆದ ಸುಳ್ಳು ಕೊನೆಗೆ ನಿಜವಾಯಿತು. ಅಷ್ಟು ವರ್ಷ ಕುಡಿದ ಹತ್ತಿಯ ಧೂಳು ಎದೆಯಲ್ಲಿ ಕೂತಿದೆ ಅಂದರು ಡಾಕ್ಟರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದ ಬೆಳಿಗ್ಗೆ, ಉಸಿರಿಗೆ ಒದ್ದಾಡಿ ಹೋದರು. ನಾನು ಹೋಗುವಷ್ಟರಲ್ಲಿ ಗಂಡಸರು ಅವರನ್ನು ಎತ್ತಿಕೊಂಡು ಹೊರಟಿದ್ದರು. ಹೆಣ್ಣುಮಕ್ಕಳು ಹಿಂದೆ ಹೋಗುವಂತಿರಲಿಲ್ಲ, ಅವರ ಮನೆಯ ಹೆಂಗಸರ ಜೊತೆ ಕೂತೆ.

ಮಣ್ಣು ಕೊಟ್ಟು ಬಂದ ಚೇರಮನ್ನರು ಅಂಗಳದ ನೀರಿನ ತೊಟ್ಟಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದರು. ನಾನು ತಂಬಿಗೆಯಿಂದ ನೀರು ಹಾಕಿದೆ.

"ತಂಗಿ, ಒಂದು ಮಾತು ಕೇಳ್ತೇನಿ. ನಾ ಬಂದಾಗೊಮ್ಮೆ ಆತ ನನ್ನ ಕೈ ಹಿಡಕೊಂಡು ಯಾಕ ಅಳ್ತಿದ್ದ? ಉಳಿಸಿದಾಂವ ಆತ. ಅಳೂದಿದ್ರ ನಾ ಅಳಬೇಕಾಗಿತ್ತು."

ಈಗ ಹೇಳಬಹುದಿತ್ತು. ಯಾರೂ ಜೈಲಿಗೆ ಹೋಗುವವರಿರಲಿಲ್ಲ, ಬ್ರೇಕನ್ನು ಯಾರೂ ಬಿಚ್ಚುವವರಿರಲಿಲ್ಲ.

"ನಿಮ್ಮ ಮ್ಯಾಲೆ ಭಾಳ ಜೀವಾ ಇತ್ರಿ ಅವರಿಗೆ" ಅಂದೆ.

ಅವರು ತಲೆಯಾಡಿಸಿ, ಕೈ ಒರೆಸಿಕೊಂಡು ಜೀಪು ಹತ್ತಿದರು. ಈಗ ಅವರೂ ಇಲ್ಲ. ಚಾಚಾ ಹೇಳಿ ಬರೆಸಿದ್ದನ್ನು ಹೇಳಿದ ಹಾಗೇ ಬರೆದದ್ದು ನಾನು ಇವತ್ತೇ, ಓದಬೇಕಾದವರು ಹೋದ ಮೇಲೆ.

ಮಣ್ಣಾದ ಆ ದಿನ ಸಂಜೆಯ ಬಸ್ಸಿಗೆ ಶಿಗ್ಗಾಂವಿಗೆ ಬಂದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಮಣ್ಣಾತೇನು?" ಅಂದಳು, ತಲೆ ಎತ್ತದೆ. ಆಯಿತು ಅಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಬಡಿಯತೊಡಗಿದಳು. ನಾನು ಅವಳ ಪಕ್ಕ ಕೂತು, ರೊಟ್ಟಿಯನ್ನು ತಿರುವಿ ತಿರುವಿ ಬಡಿಯುತ್ತಿದ್ದ ಆ ಎರಡು ಕೈಗಳನ್ನು ಹಿಟ್ಟು ಮುಗಿಯುವ ತನಕ ನೋಡುತ್ತಿದ್ದೆ.